ಟೊಳ್ಳಾದ ಮೂಳೆಯಲ್ಲಿ ಸ್ಕ್ರೂ ನಿಲ್ಲಬೇಕಾದರೆ

ಪ್ರಶ್ನೆ: ನನ್ನ ತಾಯಿಗೆ 71 ವರ್ಷ. ಜಾರಿ ಬಿದ್ದು ಬಲಭುಜದ ಹತ್ತಿರ ತೋಳಿನ ಮೂಳೆ ಮುರಿದಿತ್ತು. ಪ್ಲೇಟ್ ಇಟ್ಟು ಒಂಬತ್ತು ಸ್ಕ್ರೂ ಹಾಕಿದ್ದರು. ಆರನೇ ವಾರದ ಎಕ್ಸ್‌ರೇ ನೋಡಿದರೆ ಮೂಳೆಯ ತಲೆಭಾಗ ಒಳಮಗ್ಗುಲಿಗೆ ವಾಲಿದೆ, ಎರಡು ಸ್ಕ್ರೂಗಳ ತುದಿ ಕೀಲಿನೊಳಗೆ ಇಣುಕಿದೆ. ‘ಮೂಳೆ ಸವೆದಿದೆ, ಸ್ಕ್ರೂ ಹಿಡಿಯಲಿಲ್ಲ’ ಎಂದಷ್ಟೇ ಹೇಳಿದರು. ಅಮ್ಮನಿಗೆ ಸೊಂಟದ ಹತ್ತಿರ ಬೆನ್ನಿನ ಒಂದು ಮಣಿ ಮುಂದಕ್ಕೆ ಜಾರಿ ಕಾಲಿನ ನರ ಒತ್ತುತ್ತಿದೆ. ಭುಜದ್ದು ಮುಗಿದ ಮೇಲೆ ಬೆನ್ನಿಗೂ ಸ್ಕ್ರೂ, ರಾಡ್ ಹಾಕಬೇಕಂತೆ. ತೋಳಲ್ಲೇ ನಿಲ್ಲದ ಸ್ಕ್ರೂ ಬೆನ್ನಲ್ಲಿ ನಿಂತೀತೇ? ಇನ್ನೂ ಬಿಗಿಯಾಗಿ ಕೂರಿಸುವ ದಾರಿ ಇದೆಯೇ?

ಉತ್ತರ: ಬೆನ್ನಿನ ವಿಚಾರಕ್ಕೆ ಬರುವ ಮುಂಚೆ ಭುಜದ ಮಾತು, ಏಕೆಂದರೆ ಅದು ಕಾಯುವಂಥದ್ದಲ್ಲ. ಕೀಲಿನೊಳಗೆ ಬಂದ ಸ್ಕ್ರೂ ತುದಿ ತೋಳು ಎತ್ತಿದಾಗಲೆಲ್ಲ ಎದುರಿನ ಗುಂಡಿಯ ಮೃದ್ವಸ್ಥಿಯನ್ನು ಕೆರೆಯುತ್ತದೆ. ಕೆರೆದುಹೋದ ಮೃದ್ವಸ್ಥಿ ಮತ್ತೆ ಬೆಳೆಯುವುದಿಲ್ಲ. ಈ ವಾರವೇ ಶಸ್ತ್ರಚಿಕಿತ್ಸಕರನ್ನು ಕಂಡು, ಭುಜದ ವ್ಯಾಯಾಮ ಸದ್ಯಕ್ಕೆ ನಿಲ್ಲಿಸಬೇಕೇ ಎಂದು ಕೇಳಿ. ಸಿ.ಟಿ. ಸ್ಕ್ಯಾನ್ ಜೊತೆಗೆ, ಸೋಂಕಿನ ಸುಳಿವು ಕೊಡುವ ಇ.ಎಸ್.ಆರ್. ಮತ್ತು ಸಿ.ಆರ್.ಪಿ. ರಕ್ತಪರೀಕ್ಷೆಯೂ ಆಗಲಿ. ಆರು ವಾರದಲ್ಲಿ ಸ್ಕ್ರೂ ಸಡಿಲಾದರೆ ಎಲ್ಲರ ಬೊಟ್ಟೂ ಮೂಳೆಯ ಕಡೆಗೇ ಹೋಗುತ್ತದೆ. ಒಳಗೆ ಸೋಂಕು ಕೂತಿದ್ದರೂ ಎಕ್ಸ್‌ರೇಯಲ್ಲಿ ಇದೇ ಚಿತ್ರ ಕಾಣಬಹುದು. ಅದನ್ನು ತಳ್ಳಿಹಾಕದೆ ಎರಡನೇ ಶಸ್ತ್ರಚಿಕಿತ್ಸೆಗೆ ಇಳಿಯಬಾರದು.

‘ಮೂಳೆ ಸವೆತ’ ಎಂಬ ಮಾತನ್ನು ನಾವು ಎರಡು ಬೇರೆ ಬೇರೆ ತೊಂದರೆಗೆ ಬಳಸುತ್ತೇವೆ. ಮೊಣಕಾಲಿನ ಕೀಲು ಸವೆಯುವುದು ಒಂದು, ಮೂಳೆಯೇ ಒಳಗಿನಿಂದ ಟೊಳ್ಳಾಗುವುದು ಇನ್ನೊಂದು. ನಿಮ್ಮ ತಾಯಿಯದು ಎರಡನೆಯದು, ಆಸ್ಟಿಯೊಪೊರೋಸಿಸ್. ನಿಂತ ಎತ್ತರದಿಂದ ಬಿದ್ದು ಭುಜ ಮುರಿದಿದೆ ಎಂಬುದೇ ಅದಕ್ಕೆ ದೊಡ್ಡ ಸಾಕ್ಷಿ.

ಮೂಳೆಯ ತುದಿಭಾಗವನ್ನು ಕತ್ತರಿಸಿ ನೋಡಿದರೆ ಒಳಗೆ ಗಟ್ಟಿ ತಿರುಳಿರುವುದಿಲ್ಲ, ಜೇನುಗೂಡಿನಂತೆ ಒಂದಕ್ಕೊಂದು ಹೆಣೆದ ತೆಳು ಹಾಳೆಗಳಿರುತ್ತವೆ. ಟೊಳ್ಳಾಗುತ್ತ ಹೋದಂತೆ ಹಾಳೆಗಳು ಕಡ್ಡಿಗಳಾಗುತ್ತವೆ, ಆಮೇಲೆ ಕಡ್ಡಿಗಳ ನಡುವಿನ ಅಡ್ಡಪಟ್ಟಿಗಳು ಕಾಣೆಯಾಗುತ್ತವೆ. ಹೊರಗಿನ ಗಟ್ಟಿ ಕವಚವೂ ಒಳಮಗ್ಗುಲಿನಿಂದ ತೆಳುವಾಗುತ್ತದೆ. ಈ ಜಾಲರಿಯ ಬಲ ಸಾಂದ್ರತೆಯ ಜೊತೆ ಸಮಸಮವಾಗಿ ಇಳಿಯುವುದಿಲ್ಲ, ಹೆಚ್ಚುಕಡಿಮೆ ಅದರ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. ಸಾಂದ್ರತೆ ಅರ್ಧವಾದರೆ ಬಲ ಕಾಲುಭಾಗ ಮಾತ್ರ. ರಿಪೋರ್ಟಿನಲ್ಲಿ ಸಣ್ಣದಾಗಿ ಕಾಣುವ ವ್ಯತ್ಯಾಸ ಸ್ಕ್ರೂವಿನ ಪಾಲಿಗೆ ಅಷ್ಟು ದೊಡ್ಡದು.

ಈಗ ನಿಮ್ಮ ಮೂಲಪ್ರಶ್ನೆ: ಇನ್ನೂ ಬಿಗಿಯಾಗಿ ಕೂರಿಸಬಹುದೇ? ಸಡಿಲ ಮಣ್ಣಿನಲ್ಲಿ ನೆಟ್ಟ ಗೂಟವನ್ನು ಯಾರೂ ನೆಟ್ಟಗೆ ಮೇಲೆಳೆದು ಕೀಳುವುದಿಲ್ಲ, ಅತ್ತಿತ್ತ ಅಲ್ಲಾಡಿಸಿ ಕುಳಿ ಅಗಲ ಮಾಡಿ ಕೀಳುತ್ತಾರೆ. ಟೊಳ್ಳು ಮೂಳೆಯಲ್ಲಿ ಸ್ಕ್ರೂ ಸೋಲುವುದೂ ಬಹುಪಾಲು ಹಾಗೆಯೇ. ಪ್ರತಿ ಹೆಜ್ಜೆಗೆ, ಪ್ರತಿ ಸಲ ಕೈ ಎತ್ತಿದ್ದಕ್ಕೆ ಕೂದಲೆಳೆಯಷ್ಟು ಅಲ್ಲಾಟ. ಅದರಿಂದ ಸುತ್ತಲಿನ ಕಡ್ಡಿಗಳು ಪುಡಿಯಾಗಿ ಕುಳಿ ಅಗಲವಾಗುತ್ತದೆ. ಕುಳಿ ಅಗಲವಾದಷ್ಟೂ ಅಲ್ಲಾಟ ಹೆಚ್ಚು. ಇಂಥ ಮೂಳೆಯಲ್ಲಿ ಬಿಗಿ ಹೆಚ್ಚಿಸಲು ಹೋದರೆ ಥ್ರೆಡ್ ಕೂತಿದ್ದ ಮೂಳೆಯೇ ಸವರಿಹೋಗಿ ಸ್ಕ್ರೂ ಸುಮ್ಮನೆ ಸುತ್ತುತ್ತದೆ. ಗಟ್ಟಿ ಮೂಳೆಯಲ್ಲಿ ‘ಇನ್ನು ಸಾಕು’ ಎಂದು ಕೈಗೆ ತಿಳಿಯುತ್ತದೆ, ಟೊಳ್ಳು ಮೂಳೆಯಲ್ಲಿ ಬಿಗಿಗೂ ಸವರುವುದಕ್ಕೂ ನಡುವೆ ಅಂತರವೇ ಇರುವುದಿಲ್ಲ. ಹಾಗಾಗಿ ಕೇಳಬೇಕಾದ್ದು ಎಷ್ಟು ಬಿಗಿ ಎಂದಲ್ಲ. ಅಲ್ಲಾಟ ಹೇಗೆ ತಡೆಯುತ್ತೀರಿ, ಭಾರವನ್ನು ಎಷ್ಟು ಕಡೆ ಹಂಚುತ್ತೀರಿ, ಉಳಿದಿರುವ ಒಳ್ಳೆಯ ಮೂಳೆಯನ್ನು ಎಲ್ಲಿ ಹುಡುಕುತ್ತೀರಿ ಎಂದು ಕೇಳಬೇಕು.

ಹಳೆಯ ಮಾದರಿಯ ಪ್ಲೇಟ್ ಕೆಲಸ ಮಾಡುತ್ತಿದ್ದುದು ಬಿಗಿಯಿಂದಲೇ. ಸ್ಕ್ರೂ ಪ್ಲೇಟನ್ನು ಮೂಳೆಗೆ ಅದುಮಿ, ಆ ಘರ್ಷಣೆಯಿಂದ ಹಿಡಿಯುತ್ತಿತ್ತು. ಒಂದು ಸ್ಕ್ರೂ ಸಡಿಲಾದರೆ ಪಕ್ಕದ್ದರ ಮೇಲೆ ಭಾರ ಬಿದ್ದು ಒಂದೊಂದಾಗಿ ಎಲ್ಲವೂ ಕಳಚಿಕೊಳ್ಳುತ್ತಿದ್ದವು. ಈಗ ಭುಜಕ್ಕೆ ಸಾಮಾನ್ಯವಾಗಿ ಬಳಸುವುದು ಲಾಕಿಂಗ್ ಪ್ಲೇಟ್. ಇದರಲ್ಲಿ ಸ್ಕ್ರೂವಿನ ತಲೆಗೂ ಥ್ರೆಡ್ ಇದ್ದು, ಅದು ಪ್ಲೇಟಿನ ತೂತಿಗೇ ಕಚ್ಚಿಕೊಳ್ಳುತ್ತದೆ. ಪ್ಲೇಟ್ ಮತ್ತು ಸ್ಕ್ರೂಗಳೆಲ್ಲ ಸೇರಿ ಒಂದೇ ಚೌಕಟ್ಟು. ಯಾವ ಸ್ಕ್ರೂವೂ ಒಂಟಿಯಾಗಿ ಅಲ್ಲಾಡಲಾರದು, ಕಿತ್ತುಬರಬೇಕಾದರೆ ಎಲ್ಲವೂ ಒಟ್ಟಿಗೇ ಬರಬೇಕು. ಟೊಳ್ಳು ಮೂಳೆಗೆ ಇದು ದೊಡ್ಡ ಉಪಕಾರ.

ಆದರೆ ಈ ಚೌಕಟ್ಟು ಬಗ್ಗುವುದಿಲ್ಲ, ಅದರ ಕೆಳಗಿನ ಮೂಳೆ ಕುಸಿಯುತ್ತದೆ. ಭುಜದಲ್ಲಿ ಮುರಿತದ ಒಳಮಗ್ಗುಲು ಪುಡಿಯಾಗಿ ಆಸರೆ ಇಲ್ಲದಿದ್ದರೆ ಮೂಳೆಯ ತಲೆ ಆ ಕಡೆಗೆ ವಾಲುತ್ತದೆ, ಸ್ಕ್ರೂ ಇದ್ದಲ್ಲೇ ಇರುತ್ತದೆ. ತಲೆಯೇ ಸ್ಕ್ರೂಗಳ ಮೇಲೆ ಜಾರಿ ತುದಿಗಳು ಹೊರಗೆ ಇಣುಕುತ್ತವೆ. ನೀವು ಹೇಳಿದ ಎಕ್ಸ್‌ರೇ ಅಕ್ಷರಶಃ ಇದೇ. ‘ಸ್ಕ್ರೂ ಹಿಡಿಯಲಿಲ್ಲ’ ಎನ್ನುವುದಕ್ಕಿಂತ ‘ತಲೆಗೆ ಒಳಗಡೆಯಿಂದ ಆಸರೆ ಸಾಲಲಿಲ್ಲ’ ಎನ್ನುವುದು ಹೆಚ್ಚು ಸರಿ.

ಇಂಥ ಭುಜದಲ್ಲಿ ಆಸರೆ ಹೆಚ್ಚಿಸುವ ಕ್ರಮಗಳು ನಾಲ್ಕೈದು ಇವೆ. ವಯಸ್ಸಾದವರ ತೋಳಿನ ತಲೆಯ ನಡುಭಾಗ ಹೆಚ್ಚುಕಡಿಮೆ ಖಾಲಿ. ಗಟ್ಟಿ ಮೂಳೆ ಉಳಿದಿರುವುದು ಕೀಲಿನ ಮೇಲ್ಮೈಗೆ ಹೊಂದಿಕೊಂಡ ಪದರದಲ್ಲಿ, ಅದರಲ್ಲೂ ಹಿಂದಿನ ಮತ್ತು ಒಳಮಗ್ಗುಲಿನ ಭಾಗದಲ್ಲಿ. ಸ್ಕ್ರೂ ತುದಿ ಅಲ್ಲಿಗೆ ತಲುಪಬೇಕು, ಆದರೆ ಮೇಲ್ಮೈಗಿಂತ ಸುಮಾರು 5 ಮಿ.ಮೀ. ಹಿಂದೆಯೇ ನಿಲ್ಲಬೇಕು. ಅನುಭವಿಗಳು ಡ್ರಿಲ್ಲನ್ನು ಹೊರಕವಚದಷ್ಟಕ್ಕೇ ಓಡಿಸಿ, ಒಳಗೆ ಅಳತೆಕಡ್ಡಿಯನ್ನು ಕೈಯಿಂದ ಒತ್ತುತ್ತಾರೆ. ಮೆತ್ತನೆ ಹೋಗುತ್ತಿದ್ದ ಕಡ್ಡಿ ಗಟ್ಟಿ ಪದರಕ್ಕೆ ತಾಗಿ ನಿಂತದ್ದು ಬೆರಳಿಗೆ ಗೊತ್ತಾಗುತ್ತದೆ. ಡ್ರಿಲ್ ಕೊನೆತನಕ ಓಡಿದರೆ ಆ ಪದರಕ್ಕೇ ತೂತು ಬಿದ್ದು, ಮುಂದೆ ಸ್ಕ್ರೂ ಹೊರಬರಲು ದಾರಿ ಮಾಡಿಕೊಟ್ಟಂತಾಗುತ್ತದೆ.

ಎರಡನೆಯದು ಕೆಳ ಒಳಮಗ್ಗುಲಿಗೆ ಓರೆಯಾಗಿ ಏರುವ ಒಂದೆರಡು ಸ್ಕ್ರೂ. ಎಲ್ಲಕ್ಕಿಂತ ಮುಖ್ಯವಾದವು ಇವೇ, ತಲೆ ವಾಲುವ ದಿಕ್ಕಿನಲ್ಲೇ ನಿಂತ ಊರುಗೋಲು ಇವು. ಮೂರನೆಯದು ಹೊಲಿಗೆ: ಭುಜದ ಸ್ನಾಯುರಜ್ಜುಗಳು ಮೂಳೆಗೆ ಅಂಟುವ ಜಾಗದಲ್ಲಿ ಕರಗದ ದಾರ ಹಾಕಿ ಪ್ಲೇಟಿನ ಅಂಚಿನ ಸಣ್ಣ ತೂತುಗಳಿಗೆ ಬಿಗಿಯುವುದು. ಈ ವಯಸ್ಸಿನಲ್ಲಿ ರಜ್ಜು ಮೂಳೆಗಿಂತ ಗಟ್ಟಿ, ದಾರಕ್ಕೆ ಅಲ್ಲಿ ಸಿಗುವ ಹಿಡಿತ ಸ್ಕ್ರೂಗೆ ಮೂಳೆಯಲ್ಲಿ ಸಿಗುವುದಿಲ್ಲ. ಹೀಗಿದ್ದೂ ಅವಸರದಲ್ಲಿ ಮೊದಲು ಬಿಟ್ಟುಹೋಗುವುದು ಈ ಹೊಲಿಗೆಯೇ. ಒಳಮಗ್ಗುಲು ಪೂರ್ತಿ ಪುಡಿಯಾಗಿದ್ದರೆ ಮೂಳೆ ಬ್ಯಾಂಕಿನಿಂದ ತಂದ ಫಿಬುಲಾ ಎಂಬ ಕಣಕಾಲಿನ ತೆಳು ಮೂಳೆಯ 6ರಿಂದ 8 ಸೆಂ.ಮೀ. ತುಂಡನ್ನು ತೋಳಿನ ಮೂಳೆಯ ಕೊಳವೆಯೊಳಗೆ ಕಂಬದಂತೆ ನಿಲ್ಲಿಸಿ ಅದರ ಮೂಲಕ ಸ್ಕ್ರೂ ಹಾಯಿಸುತ್ತಾರೆ. ಸ್ಕ್ರೂ ತುದಿಗಳಲ್ಲಿ ತಲಾ ಅರ್ಧ ಮಿ.ಲೀ.ನಷ್ಟು ಮೂಳೆ ಸಿಮೆಂಟ್ ತುಂಬುವುದೂ ಇದೆ. ಅದಕ್ಕೆ ಮುಂಚೆ ಎಕ್ಸ್‌ರೇ ಬಣ್ಣ ಹಾಯಿಸಿ ಕೀಲಿಗೆ ಸೋರುತ್ತಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು.

ಈಗಿನ ಸ್ಥಿತಿಯಲ್ಲಿ? ಮುರಿತ ಕೂಡಿಕೊಂಡು ತಲೆ ವಾಲುವುದು ನಿಂತಿದ್ದರೆ ಹೊರಬಂದ ಸ್ಕ್ರೂಗಳನ್ನಷ್ಟೇ ತೆಗೆಯುವುದು ಅಥವಾ ಗಿಡ್ಡದ್ದಕ್ಕೆ ಬದಲಿಸುವುದು ಸಾಕಾಗಬಹುದು. ಕೂಡಿಲ್ಲದಿದ್ದರೆ, ಅಥವಾ ತಲೆಗೆ ರಕ್ತ ಹರಿಯುವುದು ನಿಂತಿದ್ದರೆ, ಅದೇ ತಲೆಗೆ ಇನ್ನೊಂದು ಪ್ಲೇಟ್ ಹಾಕುವುದರಲ್ಲಿ ನನಗೆ ಭರವಸೆ ಕಡಿಮೆ. ಆರು ವಾರದ ಹಳೆಯ ತೂತುಗಳಿಂದ ಆ ಮೂಳೆ ಮೊದಲಿಗಿಂತಲೂ ಟೊಳ್ಳು. ಆಗ ಗುಂಡು ಮತ್ತು ಗುಂಡಿಯ ಜಾಗ ಅದಲುಬದಲು ಮಾಡಿದ ‘ರಿವರ್ಸ್’ ಎಂಬ ಕೃತಕ ಭುಜದ ಕೀಲು ಹೆಚ್ಚು ನೆಚ್ಚಬಹುದಾದ ದಾರಿ. ಅದು ಭುಜವನ್ನು ಹೊರಗಿನಿಂದ ಹೊದ್ದ ಡೆಲ್ಟಾಯ್ಡ್ ಸ್ನಾಯುವಿನ ಬಲದಿಂದ ನಡೆಯುವುದರಿಂದ, ಆ ಸ್ನಾಯುವಿನ ನರ ಸರಿಯಿದೆಯೇ ಎಂದು ಮೊದಲೇ ನೋಡಿರಬೇಕು.

ಇನ್ನು ಬೆನ್ನು. ಭುಜಕ್ಕೆ ಇಲ್ಲದಿದ್ದ ಒಂದು ಅನುಕೂಲ ಇಲ್ಲಿದೆ: ಸಮಯ. ಮುರಿದ ಮೂಳೆಗೆ ಕೆಲವೇ ದಿನದಲ್ಲಿ ಶಸ್ತ್ರಚಿಕಿತ್ಸೆ ಮಾಡಬೇಕಾಗುತ್ತದೆ, ಮೂಳೆ ಹೇಗಿದೆಯೋ ಹಾಗೇ ಒಪ್ಪಿಕೊಳ್ಳಬೇಕು. ಜಾರಿದ ಮಣಿಗೆ ಸಾಮಾನ್ಯವಾಗಿ ಕೆಲವು ತಿಂಗಳು ಕಾಯಬಹುದು. ಪಾದ ಎತ್ತಲಾಗದಿದ್ದರೆ, ಮೂತ್ರ ಕಟ್ಟಿದರೆ ಅಥವಾ ತೊಡೆಸಂದು ಜೋಮು ಹಿಡಿದರೆ ಮಾತ್ರ ಒಂದು ದಿನವೂ ಕಾಯಬಾರದು. ಹಾಗಿಲ್ಲದಿದ್ದರೆ ಭುಜ ಸುಧಾರಿಸುವ ಈ ತಿಂಗಳುಗಳನ್ನೇ ಮೂಳೆಯ ತಯಾರಿಗೆ ಬಳಸಿಕೊಳ್ಳಿ.

ಮೊದಲು ಅಳತೆ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನಲ್ಲಿ ಟಿ-ಸ್ಕೋರ್ (ಆರೋಗ್ಯವಂತ ಯೌವನದ ಮೂಳೆಗೆ ಹೋಲಿಸಿದ ಅಂಕಿ) ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್ ಎನ್ನುತ್ತಾರೆ. ಆದರೆ ಸವೆದ ಬೆನ್ನಿನಲ್ಲಿ ಮಣಿಗಳ ಅಂಚಿಗೆ ಬೆಳೆದ ಮುಳ್ಳುಮೂಳೆಗಳೂ ಲೆಕ್ಕಕ್ಕೆ ಸೇರಿ ಸೊಂಟದ ಮಣಿಗಳ ಅಂಕಿ ಸುಳ್ಳೇ ಚೆನ್ನಾಗಿ ಕಾಣುತ್ತದೆ. ಬೆನ್ನಿನ ಅಂಕಿ ಚೆನ್ನಾಗಿದೆ ಎಂದು ನಂಬಿ ಕೂರಬೇಡಿ, ತೊಡೆಮೂಳೆಯ ಕುತ್ತಿಗೆಯದ್ದನ್ನೂ ಮುಂಗೈಯದ್ದನ್ನೂ ನೋಡಿಸಿ. ಬೆನ್ನಿನ ಸಿ.ಟಿ. ಹೇಗೂ ಆಗಿರುತ್ತದೆ. ಅದರಲ್ಲಿ ಸೊಂಟದ ಮೊದಲ ಮಣಿಯ ಒಳಜಾಲರಿಯ ಮೇಲೆ ಒಂದು ವೃತ್ತವಿಟ್ಟರೆ ಅಲ್ಲಿನ ದಟ್ಟಣೆ ತೋರಿಸುವ ಹೌನ್ಸ್‌ಫೀಲ್ಡ್ ಅಂಕಿ ಬರುತ್ತದೆ, ಹೊಸ ಸ್ಕ್ಯಾನೇ ಬೇಕಿಲ್ಲ. 160ಕ್ಕಿಂತ ಮೇಲಿದ್ದರೆ ಹೆಚ್ಚುಕಡಿಮೆ ನೆಮ್ಮದಿ, 110ಕ್ಕಿಂತ ಕೆಳಗಿದ್ದರೆ ಸ್ಕ್ರೂ ಸಡಿಲಾಗುವ ಭಯವನ್ನು ಎದುರಿಟ್ಟುಕೊಂಡೇ ಯೋಜನೆ ಮಾಡಬೇಕು. ಜೊತೆಗೆ ವಿಟಮಿನ್ ಡಿ, ಕ್ಯಾಲ್ಸಿಯಂ, ರಂಜಕ, ಕ್ರಿಯಾಟಿನಿನ್, ಥೈರಾಯ್ಡ್, ಪ್ಯಾರಾಥೈರಾಯ್ಡ್ ಹಾರ್ಮೋನ್ ಮತ್ತು ರಕ್ತದ ಪ್ರೊಟೀನ್ ಎಲೆಕ್ಟ್ರೊಫೊರೆಸಿಸ್. ಕೊನೆಯದು ಮೈಲೋಮಾ ಎಂಬ ರಕ್ತದ ಕ್ಯಾನ್ಸರ್ ಇಲ್ಲವೆಂದು ಖಾತ್ರಿಪಡಿಸಿಕೊಳ್ಳಲು. ಅದೂ ಮೂಳೆಯನ್ನು ಹೀಗೇ ಟೊಳ್ಳು ಮಾಡುತ್ತದೆ.

ಔಷಧದಲ್ಲಿ ಎರಡು ಬಗೆ. ಮೂಳೆ ಕರಗುವುದನ್ನು ತಡೆಯುವುದು ಒಂದು: ವರ್ಷಕ್ಕೊಮ್ಮೆ 5 ಮಿ.ಗ್ರಾಂ. ಜೊಲೆಡ್ರೊನಿಕ್ ಆಸಿಡ್, ಅಥವಾ ಆರು ತಿಂಗಳಿಗೊಮ್ಮೆ 60 ಮಿ.ಗ್ರಾಂ. ಡೆನೊಸುಮ್ಯಾಬ್. ಹೊಸ ಮೂಳೆ ಕಟ್ಟಿಸುವುದು ಇನ್ನೊಂದು: ದಿನಕ್ಕೆ 20 ಮೈಕ್ರೊಗ್ರಾಂ ಟೆರಿಪ್ಯಾರಟೈಡ್, ಹೊಟ್ಟೆ ಅಥವಾ ತೊಡೆಯ ಚರ್ಮದಡಿಗೆ ಚುಚ್ಚುವ ಇಂಜೆಕ್ಷನ್. ಬೆನ್ನಿಗೆ ಸ್ಕ್ರೂ ಹಾಕುವ ಮುಂಚೆ ಎರಡು ಮೂರು ತಿಂಗಳು ಟೆರಿಪ್ಯಾರಟೈಡ್ ಕೊಟ್ಟು ಆಮೇಲೂ ಮುಂದುವರಿಸಿದರೆ ಸ್ಕ್ರೂ ಸಡಿಲಾಗುವುದು ಕಡಿಮೆಯಾಗುತ್ತದೆ, ಮೂಳೆ ಕೂಡುವುದೂ ಚೆನ್ನಾಗುತ್ತದೆ. ನಿಮ್ಮ ತಾಯಿಯ ವಿಷಯದಲ್ಲಿ ಶಸ್ತ್ರಚಿಕಿತ್ಸೆಯ ಯಾವ ಚಾತುರ್ಯಕ್ಕಿಂತಲೂ ಮೊದಲು ನಾನು ವಿಚಾರಿಸುವುದು ಇದನ್ನೇ. ಇದು ಎಲ್ಲರಿಗೂ ಅಲ್ಲ: ಹಿಂದೆ ಮೂಳೆಗೆ ರೇಡಿಯೇಶನ್ ಆಗಿದ್ದರೆ, ಮೂಳೆಗೆ ಹರಡಿದ ಕ್ಯಾನ್ಸರ್ ಇದ್ದರೆ, ರಕ್ತದಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಕೊಡುವುದಿಲ್ಲ. ಜೊಲೆಡ್ರೊನಿಕ್ ಆಸಿಡ್‌ಗೂ ಕಟ್ಟಳೆ ಇದೆ. ಮೂತ್ರಪಿಂಡದ ಶಕ್ತಿ ತೋರಿಸುವ ಕ್ರಿಯಾಟಿನಿನ್ ಕ್ಲಿಯರೆನ್ಸ್ ನಿಮಿಷಕ್ಕೆ 35 ಮಿ.ಲೀ.ಗಿಂತ ಕಡಿಮೆ ಇದ್ದರೆ ಕೊಡಬಾರದು. ವಿಟಮಿನ್ ಡಿ ಕೊರತೆ ತುಂಬಿಸದೆ ಕೊಟ್ಟರೆ ಕ್ಯಾಲ್ಸಿಯಂ ಕುಸಿದು ಕೈಕಾಲು ಸೆಟೆದುಕೊಳ್ಳಬಹುದು. ರಕ್ತದಲ್ಲಿ ವಿಟಮಿನ್ ಡಿ ಪ್ರತಿ ಮಿ.ಲೀ.ಗೆ 30 ನ್ಯಾನೊಗ್ರಾಂ ದಾಟಲಿ. ಊಟ, ಮಾತ್ರೆ ಎರಡೂ ಸೇರಿ ದಿನಕ್ಕೆ 1200 ಮಿ.ಗ್ರಾಂ. ಕ್ಯಾಲ್ಸಿಯಂ ಸಾಕು, ಅದಕ್ಕಿಂತ ಹೆಚ್ಚು ನುಂಗಿ ಲಾಭವಿಲ್ಲ.

ಶಸ್ತ್ರಚಿಕಿತ್ಸೆಯ ದಿನದ ಕೆಲಸವನ್ನು ತುಸು ಹತ್ತಿರದಿಂದ ನೋಡೋಣ. ಬೆನ್ನಿನ ಸ್ಕ್ರೂ ಮಣಿಯ ಹಿಂಭಾಗದಿಂದ ಪೆಡಿಕಲ್ ಎಂಬ ಸಣ್ಣ ಮೂಳೆ ಸೇತುವೆಯ ಒಳಗೆ ಹಾದು ಮಣಿಯ ದೇಹಕ್ಕೆ ಇಳಿಯುತ್ತದೆ. ಹಿಡಿತದ ಸುಮಾರು 60 ಪ್ರತಿಶತ ಸಿಗುವುದು ಈ ಸೇತುವೆಯಲ್ಲೇ. ಆದ್ದರಿಂದ ಉದ್ದಕ್ಕಿಂತ ದಪ್ಪ ಮುಖ್ಯ, ಸ್ಕ್ರೂ ಸೇತುವೆಯ ಬಹುಭಾಗವನ್ನು ತುಂಬಬೇಕು. ಅತಿಯಾದರೆ ತೆಳು ಗೋಡೆ ಬಿರಿದು ಇದ್ದ ಹಿಡಿತವೂ ಹೋಗುತ್ತದೆ. ಥ್ರೆಡ್ ಕೊರೆಯುವ ಟ್ಯಾಪ್ ಸ್ಕ್ರೂವಿಗಿಂತ 1 ಮಿ.ಮೀ. ಸಣ್ಣದಿರಬೇಕು: 6.5 ಮಿ.ಮೀ. ಸ್ಕ್ರೂಗೆ 5.5ರ ಟ್ಯಾಪ್. ಆಗ ಸ್ಕ್ರೂ ಜಾಲರಿಯನ್ನು ಪಕ್ಕಕ್ಕೆ ಒತ್ತಿ ದಟ್ಟ ಮಾಡಿಕೊಂಡು ಹೋಗುತ್ತದೆ, ಕೆತ್ತಿ ಹೊರಹಾಕುವುದಿಲ್ಲ. ಸ್ಕ್ರೂವಿನ ತಲೆ ಮೂಳೆಗೆ ಕಚ್ಚುವತನಕ ತಿರುಗಿಸುವುದು ತಪ್ಪು. ತಲೆ ತಾಗಿದೊಡನೆ ಇನ್ನೊಂದು ಸುತ್ತು ಒಳಗಿನ ಥ್ರೆಡ್ಡನ್ನು ಹಾಳುಮಾಡುತ್ತದೆ. ಒಮ್ಮೆ ಹಾಕಿ, ‘ಸರಿಯಿಲ್ಲ’ ಎಂದು ಹಿಂದೆ ತೆಗೆದು ಮತ್ತೆ ಹಾಕುವುದೂ ಅಷ್ಟೇ ಕೆಟ್ಟದ್ದು. ಎಡಬಲದ ಸ್ಕ್ರೂಗಳು ಒಳಕ್ಕೆ ಓರೆಯಾಗಿದ್ದು ಅಡ್ಡಪಟ್ಟಿಯಿಂದ ಕೂಡಿದ್ದರೆ, ಕಿತ್ತುಬರಲು ನಡುವಿನ ಮೂಳೆಯ ತ್ರಿಕೋನವನ್ನೇ ಎಳೆದು ತರಬೇಕಾಗುತ್ತದೆ. ಓರೆ ಹೆಚ್ಚಿದ್ದಷ್ಟೂ ಲಾಭ.

ಇನ್ನೊಂದು ದಾರಿ ಸ್ಕ್ರೂವನ್ನು ಒಳಗಿನಿಂದ ಹೊರಕ್ಕೆ, ಕೆಳಗಿನಿಂದ ಮೇಲಕ್ಕೆ ಹಾಯಿಸಿ ಉದ್ದಕ್ಕೂ ಗಟ್ಟಿ ಕವಚದಲ್ಲೇ ಹಿಡಿಸುವುದು. 2009ರಲ್ಲಿ ಪ್ರಕಟವಾದ ಪ್ರಯೋಗಾಲಯದ ಅಳತೆಯಲ್ಲಿ ಇದಕ್ಕೆ ನೇರ ಎಳೆತದಲ್ಲಿ ಸುಮಾರು 30 ಪ್ರತಿಶತ ಹೆಚ್ಚು ಹಿಡಿತ ಕಂಡಿತ್ತು. ಮಣಿಗಳ ಒಂದೆರಡು ಹಂತದ ಜೋಡಣೆಗೆ ಇದು ಚೆನ್ನ. ಉದ್ದ ಜೋಡಣೆಗೆ ಸಾಂಪ್ರದಾಯಿಕ ದಾರಿಯೇ ಮೇಲು ಎಂಬುದು ನನ್ನ ಅಭಿಪ್ರಾಯ.

ಸಿಮೆಂಟ್ ಬಗ್ಗೆ ಮನೆಯವರು ಹೆಚ್ಚು ಕೇಳುತ್ತಾರೆ. ಹೆಸರು ಸಿಮೆಂಟ್ ಆದರೂ ಇದು ಪಿ.ಎಂ.ಎಂ.ಎ. ಎಂಬ ಪ್ಲಾಸ್ಟಿಕ್ ಜಾತಿಯ ವಸ್ತು, ಅಂಟೂ ಅಲ್ಲ. ಜಾಲರಿಯ ಖಾಲಿ ಜಾಗಕ್ಕೆ ಹರಿದು ಗಟ್ಟಿಯಾಗಿ, ಸ್ಕ್ರೂವಿನ ಭಾರವನ್ನು ಅಗಲವಾದ ಮೂಳೆಗೆ ಹಂಚುತ್ತದೆ. ತುದಿಯಲ್ಲಿ ಪಕ್ಕತೂತುಗಳಿರುವ ಟೊಳ್ಳು ಸ್ಕ್ರೂ ಹಾಕಿ, ಅದರ ಮೂಲಕ ಸೊಂಟದ ಮಣಿಯಲ್ಲಿ ಪ್ರತಿ ಸ್ಕ್ರೂಗೆ ಒಂದೂವರೆ ಎರಡು ಮಿ.ಲೀ. ತುಂಬುತ್ತಾರೆ. ಹೆಚ್ಚು ತುಂಬಿದರೆ ಹಿಡಿತ ಅದೇ ಲೆಕ್ಕದಲ್ಲಿ ಹೆಚ್ಚುವುದಿಲ್ಲ, ಸೋರಿಕೆ ಮಾತ್ರ ಹೆಚ್ಚುತ್ತದೆ. ನೀರುನೀರಾಗಿದ್ದಾಗ ತಳ್ಳಿದರೆ ರಕ್ತನಾಳಕ್ಕೆ ನುಗ್ಗಿ ಶ್ವಾಸಕೋಶ ಸೇರಬಹುದು, ಹಿಂದಕ್ಕೆ ಹರಿದರೆ ನರದ ಕಾಲುವೆ. ಅದಕ್ಕೇ ಟೂತ್‌ಪೇಸ್ಟ್ ಹದಕ್ಕೆ ಬಂದ ಮೇಲೆ, ಎಕ್ಸ್‌ರೇ ಪರದೆ ನೋಡುತ್ತ, ನಿಧಾನವಾಗಿ ತಳ್ಳಬೇಕು. ಸಿಮೆಂಟ್ ಮಣಿಯ ಹಿಂಭಾಗದತ್ತ ತಿರುಗಿದ್ದು ಕಂಡ ಕ್ಷಣ ನಿಲ್ಲಿಸಬೇಕು. ಮುಂದೆ ಸೋಂಕಾದರೆ ಇದನ್ನು ಬಿಡಿಸಿ ತೆಗೆಯುವುದು ಬಲು ಕಷ್ಟ. ಎಲ್ಲ ಸ್ಕ್ರೂಗೂ ಹಾಕಿಸಿ ಎಂದು ಒತ್ತಾಯಿಸಬೇಡಿ. ಜೋಡಣೆಯ ಎರಡು ಕೊನೆಗಳಲ್ಲಿ ಅಲ್ಲಾಟ ಹೆಚ್ಚು, ಸಾಮಾನ್ಯವಾಗಿ ಅಲ್ಲಿನ ಸ್ಕ್ರೂಗಳಿಗೇ ಹೆಚ್ಚು ಬೇಕಾಗುತ್ತದೆ.

ಹೈಡ್ರಾಕ್ಸಿಅಪಟೈಟ್ (ಮೂಳೆಯಲ್ಲಿರುವಂಥದ್ದೇ ಖನಿಜ) ಲೇಪದ ಸ್ಕ್ರೂ, ರಂಧ್ರಮಯ ಟೈಟಾನಿಯಂ ಇತ್ಯಾದಿಗಳ ಜಾಹೀರಾತು ನೋಡಿರುತ್ತೀರಿ. ಲೇಪ ಒಳ್ಳೆಯದೇ, ಹೊರಗಿನಿಂದ ಹಾಕುವ ಫಿಕ್ಸೇಟರ್ ಕಡ್ಡಿಗಳಲ್ಲಿ ಅದರ ಲಾಭ ಸ್ಪಷ್ಟ. ಆದರೆ ಅದು ಮೂಳೆ ಬೆಳೆದು ಅಂಟಲು ಸಹಾಯ ಮಾಡುತ್ತದೆ, ಅದಕ್ಕೆ ವಾರಗಳು ಬೇಕು, ಆ ವಾರಗಳಲ್ಲಿ ಲೋಹ ಅಲ್ಲಾಡಬಾರದು. ಅಲ್ಲಾಟ ಸುಮಾರು 50 ಮೈಕ್ರಾನ್ ಒಳಗಿದ್ದರೆ ಮೂಳೆ ಲೋಹಕ್ಕೆ ಬೆಳೆದೀತು, 150 ದಾಟಿದರೆ ನಡುವೆ ನಾರಿನ ಪೊರೆ ಕಟ್ಟುತ್ತದೆ. ಮೊದಲ ದಿನದ ಸ್ಥಿರತೆ ಇಲ್ಲದೆ ಯಾವ ಲೇಪವೂ ಕೆಲಸ ಮಾಡದು. ತೊಡೆಮೂಳೆಯ ಕುತ್ತಿಗೆ ಮುರಿದ ವಯಸ್ಸಾದವರಲ್ಲಿ ಕೃತಕ ಕೀಲಿನ ದಂಡವನ್ನು ಸಿಮೆಂಟ್ ಹಾಕಿಯೇ ಕೂರಿಸಿ ಎನ್ನುವುದೂ ಇದೇ ಕಾರಣಕ್ಕೆ. ಸಿಮೆಂಟಿಲ್ಲದೆ ಬಡಿದು ಕೂರಿಸುವ ದಂಡ ತೆಳು ಕವಚವನ್ನು ಸೀಳುವ ಅಪಾಯ ಹೆಚ್ಚು.

ಶಸ್ತ್ರಚಿಕಿತ್ಸೆಯ ನಂತರ ಬೆನ್ನಿನ ಸ್ಕ್ರೂಗೆ ನಡಿಗೆ ಶತ್ರುವಲ್ಲ, ನಡೆಸಿ. ಬಗ್ಗುವುದು, ಬಗ್ಗಿ ತಿರುಗುವುದು, ನೆಲದಿಂದ ತುಂಬಿದ ಪಾತ್ರೆ ಎತ್ತುವುದು ಮೂಳೆ ಕೂಡುವತನಕ ಬೇಡ. ಗೂಟ ಅಲ್ಲಾಡುವುದು ಅಲ್ಲಿಯೇ. ವಾಕರ್ ಹಿಡಿದು ಭಾರ ಬಿಡಲು ರಿಪೇರಿಯಾದ ಭುಜಕ್ಕೆ ಅನುಮತಿ ಇದೆಯೇ ಎಂದು ಬೆನ್ನಿನ ಶಸ್ತ್ರಚಿಕಿತ್ಸೆಗೆ ಮುಂಚೆಯೇ ಕೇಳಿ. ಎರಡು ವೈದ್ಯರ ನಡುವೆ ಈ ಪ್ರಶ್ನೆ ಕಳೆದುಹೋಗುವುದುಂಟು. ಮುಂದಿನ ಎಕ್ಸ್‌ರೇಗಳಲ್ಲಿ ಸ್ಕ್ರೂ ಸುತ್ತ 1 ಮಿ.ಮೀ.ಗಿಂತ ಅಗಲವಾದ ಕಪ್ಪು ಅಂಚು, ಅದರಾಚೆ ತೆಳು ಬಿಳಿ ಗೆರೆ ಕಂಡರೆ ಅದು ಸಡಿಲಿನ ಗುರುತು. ಹೊಸ ನೋವಿಲ್ಲದಿದ್ದರೆ ಗಾಬರಿ ಬೇಡ, ಮೂಳೆ ಕೂಡಿದೆಯೇ ಎಂದು ಸಿ.ಟಿ. ಮಾಡಿಸಿ ನೋಡಬಹುದು.

ಔಷಧದ ತಾರೀಖುಗಳನ್ನು ಮಾತ್ರ ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿಡಿ. ಟೆರಿಪ್ಯಾರಟೈಡ್ ಸಾಮಾನ್ಯವಾಗಿ 24 ತಿಂಗಳಿಗಿಂತ ಹೆಚ್ಚು ಕೊಡುವುದಿಲ್ಲ. ನಿಲ್ಲಿಸಿದೊಡನೆ ಕರಗುವುದನ್ನು ತಡೆಯುವ ಔಷಧ ಶುರುವಾಗದಿದ್ದರೆ ಕಟ್ಟಿದ ಮೂಳೆ ವರ್ಷದೊಳಗೆ ಇಳಿಯತೊಡಗುತ್ತದೆ. ಆ ಔಷಧ ಡೆನೊಸುಮ್ಯಾಬ್ ಆದರೆ ಆರು ತಿಂಗಳ ಗಡುವು ತಪ್ಪಿಸುವಂತಿಲ್ಲ. ತಡವಾದರೆ ಮೂಳೆ ಒಮ್ಮೆಲೇ ಕರಗಿ ಬೆನ್ನಿನ ಮಣಿಗಳು ಒಂದರ ಮೇಲೊಂದು ಕುಸಿಯಬಹುದು, ಸ್ಕ್ರೂ ಹಾಕಿದ ಜೋಡಣೆಯ ಪಕ್ಕದ ಮಣಿಯೂ ಅವುಗಳಲ್ಲಿ ಒಂದಾಗಿರಬಹುದು.